ನಿಮಗಿದು ಗೊತ್ತೆ? ಮಾಂಸದಂಗಡಿಗೂ ವಿಮಾನಕ್ಕೂ ಇರುವ ನಂಟು

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುವುದು (2023ರಲ್ಲಿ 10 ಕಿ.ಮೀ. ವ್ಯಾಪ್ತಿಯಲ್ಲಿ) ಮಡಿ-ಮೈಲಿಗೆಯ ಮಾತಲ್ಲ, ಬಯಲಿಗೆ ಎಸೆದ ಕರುಳು, ಎಲುಬಿನ ಚೂರುಗಳಿಗೆ ಮುಗಿಬೀಳುವ ಹದ್ದುಗಳು ವಿಮಾನಗಳು ಏರಿಳಿಯುವ ಎತ್ತರದಲ್ಲಿಯೇ ಸುತ್ತು ಹೊಡೆಯುತ್ತವೆ ಎಂಬುದೇ ಅದಕ್ಕೆ ಕಾರಣ. 1937ರ ವಿಮಾನ ನಿಯಮಾವಳಿಯ 91ನೆಯ ನಿಯಮವು ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿಗಳನ್ನು ಕಡಿದು ಚರ್ಮ ಸುಲಿಯುವುದನ್ನೂ ಪ್ರಾಣಿಪಕ್ಷಿಗಳನ್ನು ಸೆಳೆಯುವ ಕಸ ಸುರಿಯುವುದನ್ನೂ ನಿರ್ಬಂಧಿಸಿದೆ.

ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಂದರೆ ವೇಗ ಇಮ್ಮಡಿಯಾದರೆ ಹೊಡೆತ ನಾಲ್ಮಡಿಯಾಗುವುದರಿಂದ, ಒಂದು ಹದ್ದೇ ಎಂಜಿನ್ನಿನ ಅಲಗುಗಳನ್ನು ಬಾಗಿಸಬಲ್ಲದು. 2009ರಲ್ಲಿ ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್ನುಗಳಿಗೆ ಸಿಲುಕಿದ್ದರಿಂದ ವಿಮಾನವೊಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಯಬೇಕಾಯಿತು. ಅದರಲ್ಲಿದ್ದ 155 ಮಂದಿಯೂ ಬದುಕುಳಿದರು.

ಹಕ್ಕಿಗಳನ್ನು ನಿಲ್ದಾಣದಿಂದ ದೂರವಿಡುವ ಕ್ರಮಗಳಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದುದು ರನ್‌ವೇ ಅಂಚಿನ ಹುಲ್ಲಿನ ನಿರ್ವಹಣೆ: ತೀರಾ ಗಿಡ್ಡವಾದರೆ ಹುಳು ಹೆಕ್ಕುವ ಟಿಟ್ಟಿಭಗಳೂ, ತೀರಾ ಎತ್ತರವಾದರೆ ಇಲಿಗಳೂ ಅವುಗಳ ಬೆನ್ನಿಗೆ ಹಾವು-ಗಿಡುಗಗಳೂ ಬರುತ್ತವೆ. ಪಟಾಕಿ ಮತ್ತು ಅನಿಲ ಉರಿಸಿ ಸದ್ದು ಹೊರಡಿಸುವ ಫಿರಂಗಿಗಳು ಬಳಕೆಯಲ್ಲಿದ್ದರೂ, ಹಕ್ಕಿಗಳು ಆ ಸದ್ದಿಗೆ ಬೇಗ ಒಗ್ಗಿಹೋಗುವುದರಿಂದ ಜಾಗವನ್ನೂ ಹೊತ್ತನ್ನೂ ಆಗಾಗ ಬದಲಿಸಬೇಕಾಗುತ್ತದೆ.