ಕಾಲ್ಚಳಕ ಮತ್ತು ದುಡಿಮೆ

ಕಾಲ್ಚೆಂಡಾಟದ ಮೈದಾನದ ಸುತ್ತ ನಿಂತವರಲ್ಲಿ ಒಂದು ವಾದ ಆಗಾಗ ಏಳುವುದುಂಟು: ಆಟಗಾರನಿಗೆ ಮುಖ್ಯವಾದುದು ಚಳಕವೋ, ದುಡಿಮೆಯೋ? ನಾಲ್ವರನ್ನು ವಂಚಿಸಿ ಚೆಂಡನ್ನು ಒಯ್ಯುವವನಿಗೆ ಚಪ್ಪಾಳೆ ಬೀಳುತ್ತದೆ. ಚೆಂಡು ಎದುರಾಳಿಗಳ ಪಾಲಾದಾಗ ಓಡೋಡಿ ಹಿಂದಕ್ಕೆ ಬಂದು ಅದನ್ನು ಬಿಡಿಸಿಕೊಳ್ಳುವವನ ಹೆಸರೂ ನೋಡುಗರಿಗೆ ತಿಳಿದಿರುವುದಿಲ್ಲ. ನಾನು ಬಹುಕಾಲ ಚಳಕದ ಪಕ್ಷದವನಾಗಿದ್ದೆ. ಆ ಅಭಿಪ್ರಾಯ ಬದಲಾದುದು ಹೇಗೆಂದು ವಿವರಿಸುವುದೇ ಈ ಲೇಖನದ ಉದ್ದೇಶ.

ಚಳಕವೆಂದೊಡನೆ ನಮ್ಮ ನಾಡಿನವರಿಗೆ ನೆನಪಾಗಬೇಕಾದವರು ಬೆಂಗಳೂರಿನ ಅಹಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರಿದ್ದ ಭಾರತ ತಂಡದ ಹಲವರು ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. ಮೈಸೂರು ತಂಡದ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಆದರೆ ಎರಡು ಪೆನಾಲ್ಟಿಗಳು ಕೈತಪ್ಪಿ, ಪಂದ್ಯ 2-1ರಲ್ಲಿ ಸೋತಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಒಬ್ಬನ ಚಳಕ ಎಷ್ಟನ್ನು ಕೊಡಬಲ್ಲದು, ಎಷ್ಟನ್ನು ಕೊಡಲಾರದು ಎಂಬುದಕ್ಕೆ ಇದೇ ಲೆಕ್ಕ.

ನಾಲ್ಕು ವರ್ಷಗಳ ಮೇಲೆ ಮೆಲ್ಬೋರ್ನಿನಲ್ಲಿ, ರಹೀಮರ ಶಿಕ್ಷಣದಲ್ಲಿ ಪಳಗಿದ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಗೆದ್ದು ನಾಲ್ಕನೆಯ ಸ್ಥಾನ ಪಡೆಯಿತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಉಳಿದಿದೆ. ಅದೇ ತಂಡದಲ್ಲಿ ನಮ್ಮವರಾದ ಕೆಂಪಯ್ಯನವರು ಹಾಫ್‌ಬ್ಯಾಕ್ ಆಗಿದ್ದರೆಂಬುದು ಎಷ್ಟು ಜನಕ್ಕೆ ಗೊತ್ತು? ಹಾಫ್‌ಬ್ಯಾಕನ ಕೆಲಸ ಎರಡು ಪಟ್ಟು: ಎದುರಾಳಿಯಿಂದ ಚೆಂಡನ್ನು ಬಿಡಿಸಬೇಕು, ಬಿಡಿಸಿದ್ದನ್ನು ಮುಂದಿನವನ ಕಾಲಿಗೆ ಒಪ್ಪಿಸಬೇಕು. ಅವನು ಓಡಿದರೆ ಮಾತ್ರ ಮುಂದಿನವನಿಗೆ ಚಳಕ ತೋರಲು ಚೆಂಡು ಸಿಕ್ಕೀತು.

ಇದನ್ನು ನಾನು ಕಲಿತದ್ದು ಸೋಲಿನಿಂದ. ನಮ್ಮ ಕೊಪ್ಪದ ಮಗ್ಗುಲಲ್ಲೇ ಇರುವ ಬೈಲಕುಪ್ಪೆಯ ಟಿಬೆಟನ್ ಹುಡುಗರೊಡನೆ ಒಮ್ಮೆ ಪಂದ್ಯವಿತ್ತು. ಇಬ್ಬರನ್ನು ದಾಟಿದ ಹುಮ್ಮಸ್ಸಿನಲ್ಲಿ ಮೂರನೆಯವನನ್ನೂ ದಾಟಹೋಗಿ ಚೆಂಡು ಕಳೆದುಕೊಂಡೆ. ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಷ್ಟರಲ್ಲಿ ಗೋಲಾಯಿತು. ಆಟ ಮುಗಿದ ಮೇಲೆ ನಮ್ಮ ಹಾಫ್‌ಬ್ಯಾಕ್ ಗೆಳೆಯ, "ನೀನು ನಿಂತ್ಕೊಂಡಾಗಲೆಲ್ಲ ನಾನು ಇಬ್ಬರ ಓಟ ಓಡಿದೆ ಕಣೋ. ಕೊನೇಲಿ ಕಾಲು ಬರಲಿಲ್ಲ" ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಆ ರಾತ್ರಿ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಸರದಿ. ಅಪ್ಪ ಬ್ಯಾರನ್ನಿನ ಬೆಂಕಿಯ ಮುಂದೆ ಕುಳಿತಿದ್ದರು. ಉರಿ ಹೆಚ್ಚಾದರೂ ಕಡಮೆಯಾದರೂ ಸೊಪ್ಪಿನ ಬಣ್ಣ ಕೆಡುತ್ತದೆ. ಆದ್ದರಿಂದ ರಾತ್ರಿಯೆಲ್ಲ ಕಾಯಬೇಕು. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಕಥೆ ಕೇಳಿ, "ಹರಾಜಲ್ಲಿ ಬಣ್ಣ ನೋಡಿ ಬೆಲೆ ಕಟ್ತಾರೆ ಮಗ, ಬೆಂಕಿ ಕಾದೋನ್ನ ಯಾರೂ ಕೇಳಲ್ಲ. ಅಂತ ಬೆಂಕಿ ಬಿಟ್ಟು ಮಲಗೋಕಾಯ್ತದಾ?" ಎಂದರು.

ಚಳಕ ಬೇಡವೆಂದು ನಾನು ಹೇಳುತ್ತಿಲ್ಲ. ಬಣ್ಣವಿಲ್ಲದ ಸೊಪ್ಪನ್ನು ಯಾರೂ ಒಳ್ಳೆಯ ಬೆಲೆಗೆ ಕೊಳ್ಳರು. ಚಳಕವಿಲ್ಲದ ತಂಡ ಗೋಲಿನ ಬಾಗಿಲಲ್ಲಿ ತಡವರಿಸುತ್ತದೆ. ಆದರೆ ದಣಿದ ಕಾಲು ಚೆಂಡಿನ ಹಿಡಿತವನ್ನೇ ಮೊದಲು ಕಳೆದುಕೊಳ್ಳುತ್ತದೆ. ಆದುದರಿಂದ ದುಡಿಯದವನ ಚಳಕ ಅರ್ಧ ಆಟಕ್ಕೇ ಮುಗಿಯುತ್ತದೆ. ಈಗ ನಾನು ಚೆಂಡು ಕಳೆದುಕೊಂಡರೆ ಮೊದಲು ಹಿಂದಕ್ಕೆ ಓಡುತ್ತೇನೆ. ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ಪಂದ್ಯದಲ್ಲಿ ಗೋಲು ಬಿದ್ದಾಗ, ಆ ಚೆಂಡನ್ನು ಮೊದಲು ಬಿಡಿಸಿ ತಂದವನು ಯಾರೆಂದೂ ಒಮ್ಮೆ ನೋಡಿ, ಚಪ್ಪಾಳೆಯಲ್ಲಿ ಅವನಿಗೂ ಪಾಲು ಕೊಡಿ.