ನಿಮಗಿದು ಗೊತ್ತೆ? ಗೂಬೆ ಹಾರಿದರೆ ಸದ್ದೇಕಿಲ್ಲ?

ಹಂಪಿಯ ಬಂಡೆಯಿಂದ ಪಾರಿವಾಳ ಎದ್ದರೆ ಪಟಪಟ ಸದ್ದು. ಅದೇ ಬಂಡೆಯಿಂದ ಕೊಂಬಿನ ಗೂಬೆ ಹಾರಿ ತಲೆಯ ಮೇಲೇ ಹೋದರೂ ಗೊತ್ತಾಗದು. ಹೊಸಪೇಟೆ, ಸಂಡೂರು ಸುತ್ತಲಿನ ಕಲ್ಲುಗುಡ್ಡಗಳು, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಈ ಹಕ್ಕಿಯ ನೆಲೆ. ಕಂಪ್ಲಿಯಂಥ ಗದ್ದೆ ಬಯಲಿನ ಇಲಿಗಳು ಇದಕ್ಕೆ ಇಷ್ಟದ ಬೇಟೆ.

• ರೆಕ್ಕೆ ಸವರಿದ ಗಾಳಿ ಸಣ್ಣ ಸುಳಿಗಳಾಗಿ ಹಿಂದಂಚು ದಾಟುತ್ತದೆ. ಅಂಚು ಗಡುಸಾಗಿದ್ದರೆ ಸುಳಿಗಳ ಒತ್ತಡ ಅಲ್ಲಿ ಚದುರಿ, ಸದ್ದಾಗಿ ಹೊಮ್ಮುತ್ತದೆ.

• ಈ ಸದ್ದಿನ ಶಕ್ತಿ ಗಾಳಿಯ ವೇಗದ 5ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಸದ್ದು 32 ಪಟ್ಟು!

• ಗೂಬೆಯ ರೆಕ್ಕೆಯ ಮುಂದಂಚಿನಲ್ಲಿ ಬಾಚಣಿಗೆಯ ಹಲ್ಲು, ಮೇಲೆ ಮಖಮಲ್ಲಿನ ನವಿರು, ಹಿಂದಂಚಿನಲ್ಲಿ ಸೀರೆ ಸೆರಗಿನ ಕುಚ್ಚಿನಂಥ ಎಳೆಗಳು. ಈ ಮೂರನ್ನೂ 1934ರಲ್ಲಿ ಬ್ರಿಟನ್ನಿನ ಆರ್. ಆರ್. ಗ್ರಹಾಂ ವಿವರಿಸಿದರು.

• ಅಂಚು ಬಳುಕಿದರೆ, ಅದರಲ್ಲಿ ಸಣ್ಣ ರಂಧ್ರಗಳಿದ್ದರೆ ಒತ್ತಡ ಒಮ್ಮೆಲೇ ಬದಲಾಗದೆ ಸದ್ದು ತಗ್ಗುತ್ತದೆ. 2013ರಲ್ಲಿ ಸಂಶೋಧಕರಾದ ಜಾವೊರ್ಸ್ಕಿ ಮತ್ತು ಪೀಕ್ ಇದನ್ನು ಗಣಿತದಿಂದ ತೋರಿಸಿದರು.

• ಇಂಥ ಬಳುಕುವ ಅಂಚನ್ನು ನಾವೂ ಮಾಡಬಹುದು: ನಾರು ಮತ್ತು ರಾಳ ಸೇರಿಸಿ ಪದರ ಪದರವಾಗಿ ಮಾಡುವ ಕಾಂಪೊಸಿಟ್ ಹಲಗೆಯಲ್ಲಿ, ನಾರಿನ ದಿಕ್ಕು ಬದಲಿಸಿ ಬಳುಕನ್ನು ಬೇಕಾದಷ್ಟಕ್ಕೆ ಹೊಂದಿಸಬಹುದು. ಅಳತೆ ತಪ್ಪಿದರೆ ಹಲಗೆಯೇ ಕಂಪಿಸಿ ಗುಂಯ್‌ಗುಡುತ್ತದೆ.

• ಗಾಳಿಯಂತ್ರದ ರೆಕ್ಕೆಗಳೂ ಕಾಂಪೊಸಿಟ್‌ನವೇ. ಸುಯ್ ಸದ್ದು ತಗ್ಗಿಸಲು ಕೆಲವಕ್ಕೆ ಹಿಂದಂಚಿನಲ್ಲಿ ಗರಗಸದ ಹಲ್ಲು ಕೂರಿಸುತ್ತಾರೆ. ಅಪಶಕುನವೆಂದು ನಾವು ಓಡಿಸುವ ಹಕ್ಕಿಯೇ ಇಲ್ಲಿ ಎಂಜಿನಿಯರುಗಳಿಗೆ ಮೇಷ್ಟ್ರು!