ಮಲಪ್ರಭೆಯ ಮಕ್ಕಳು ಕಡಲ ತಡಿಯಲ್ಲಿ

ಇಳಕಲ್ಲಿನ ನೇಕಾರರ ಓಣಿಯ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂತು. ಮಂಗಳೂರಿನ ಕಾಲೇಜೊಂದರಲ್ಲಿ ಸೀಟೂ ಸಿಕ್ಕಿತು. ಅಪ್ಪ ಸಾಲ ಎತ್ತಿ ಫೀ ಕಟ್ಟಿದರು. ಅವ್ವ ಸ್ಟೀಲಿನ ಡಬ್ಬಿಗಳಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ತುಂಬಿ ಕೊಟ್ಟರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು ಆಕೆ ಹೇಳಿದ ಕಡೆಯ ಮಾತು ಒಂದೇ: "ಹುಷಾರ್ ಯಪ್ಪಾ, ಸಮುದ್ರದಾಗ ಮಾತ್ರ ಇಳೀಬ್ಯಾಡ."

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಪ್ರತಿ ವರ್ಷ ನಡೆಯುವ ದೃಶ್ಯವಿದು. ವಿದೇಶಕ್ಕೆ ಓದಲು ಹೋಗುವವರು ಬೆರಳೆಣಿಕೆ. ಆದರೆ ಬಯಲುಸೀಮೆಯ ಮಕ್ಕಳಿಗೆ ಕರಾವಳಿಯೂ ಮೊದಲ ವರ್ಷ ಪರದೇಶವೇ. ರಾಜ್ಯ ಒಂದೇ, ನಿಜ. ಊಟ, ಮಳೆ, ಮಾತು ಮೂರೂ ಬೇರೆ!

ವಿದ್ಯೆಯ ದೃಷ್ಟಿಯಿಂದ ಕಡಲ ತೀರದ ಹೆಸರು ಹಳೆಯದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಮಣಿಪಾಲದ ವೈದ್ಯಕೀಯ ಕಾಲೇಜಿಗೆ 1953ರಲ್ಲಿ ಬುನಾದಿ ಬಿತ್ತು. ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಕೆ.ಆರ್.ಇ.ಸಿ. 2002ರಲ್ಲಿ ಎನ್.ಐ.ಟಿ.ಕೆ. ಆಯಿತು. ಅದರ ಆವರಣಕ್ಕೆ ಸಮುದ್ರವೇ ಬೇಲಿ. ಹೋಗಿಬರುವ ದಾರಿಯೂ ಈಗ ಮೊದಲಿನಷ್ಟು ಕಷ್ಟದ್ದಲ್ಲ. 2019ರಲ್ಲಿ ಆರಂಭವಾದ ವಿಜಯಪುರ–ಮಂಗಳೂರು ರೈಲು ಬಾಗಲಕೋಟೆ, ಬಾದಾಮಿ, ಹುಬ್ಬಳ್ಳಿ, ಹಾಸನದ ಮೇಲೆ ಹಾದು ಸಕಲೇಶಪುರದ ಘಟ್ಟ ಇಳಿಯುತ್ತದೆ. ಆ ಘಟ್ಟದಲ್ಲಿರುವ ಸುರಂಗಗಳು 57. ಎಣಿಸುತ್ತ ಕುಳಿತರೆ ಮನೆಯ ನೆನಪು ಸ್ವಲ್ಪ ದೂರವಾದೀತು.

ರೊಟ್ಟಿ ಕೇಳಿದರೆ ರೊಟ್ಟಿ ಬರದು

ಮೊದಲ ಪೆಟ್ಟು ಬೀಳುವುದು ಹೊಟ್ಟೆಗೆ. ಹೋಟೆಲಿನಲ್ಲಿ ರೊಟ್ಟಿ ಎಂದು ಕೇಳಿದರೆ ಕೋಳಿ ಸಾರಿನ ಜೊತೆ ಅಕ್ಕಿಯ ಗರಿಗರಿ ಹಾಳೆಯಂಥ ಕೋರಿ ರೊಟ್ಟಿ ಬಂದು ಕೂರುತ್ತದೆ. ಮೆಸ್ಸಿನಲ್ಲಿ ದಪ್ಪನೆಯ ಕುಚ್ಚಲಕ್ಕಿ ಅನ್ನ. ಹದಿನೈದು ದಿನ ಗಂಟಲಲ್ಲಿ ಇಳಿಯದು. ಆಮೇಲೆ ನೀರುದೋಸೆಯೂ ಗಂಜಿಯೂ ರುಚಿಸತೊಡಗುತ್ತವೆ.

ಎರಡನೆಯದು ಮಳೆ. ಬಾಗಲಕೋಟೆ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ ಅದು 3,500 ಮಿ.ಮೀ. ಮೀರುತ್ತದೆ. ನಮ್ಮಲ್ಲಿ ವರ್ಷಕ್ಕೆ ಬೀಳುವಷ್ಟು ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದು ಹೋಗುತ್ತದೆ! ಬಟ್ಟೆ ಒಣಗದು, ಚಪ್ಪಲಿಗೆ ಬೂಸ್ಟು, ಕಡಕ್ ರೊಟ್ಟಿ ಮೆತ್ತಗೆ. ತಾಯಂದಿರೇ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯನ್ನೇ ಕೊಡಿ.

ಮೂರನೆಯದು ಮಾತು. ತರಗತಿಯಲ್ಲಿ ಕನ್ನಡವೋ ಇಂಗ್ಲಿಷೋ ನಡೆದೀತು. ಗೆಳೆಯರು ನಗುವುದು ಮಾತ್ರ ತುಳುವಿನಲ್ಲಿ. "ಒಣಸ್ ಆಂಡಾ?" ಅಂದರೆ "ಊಟ ಆತೇನ್ರಿ?" ಎಂದು ತಿಳಿದ ದಿನ ಅರ್ಧ ಊರು ನಿಮ್ಮದಾದಂತೆ. ನಾಲ್ಕು ವಾಕ್ಯ ತುಳು ಕಲಿತವನು ಒಂಟಿಯಾಗಿ ಉಳಿಯುವುದಿಲ್ಲ.

'ಘಟ್ಟದವರು' ಎಂಬ ಮಾತು

ಆದರೆ ನೋವಿನ ಸಂಗತಿ ಒಂದಿದೆ. ಕರಾವಳಿಯ ಕಟ್ಟಡಗಳನ್ನು ಕಟ್ಟುವ, ರಸ್ತೆ ಅಗೆಯುವ ಕೈಗಳಲ್ಲಿ ಅನೇಕವು ಬಾದಾಮಿ, ಹುನಗುಂದ, ಗದಗ, ಕೊಪ್ಪಳ ಕಡೆಯವು. ಅಲ್ಲಿಯ ಜನ ಅವರೆಲ್ಲರನ್ನೂ 'ಘಟ್ಟದವರು' ಎನ್ನುತ್ತಾರೆ. ಆ ಮಾತಿನಲ್ಲಿ ಒಮ್ಮೊಮ್ಮೆ ತಾತ್ಸಾರವೂ ಇರುತ್ತದೆ. ನಮ್ಮ ವಿದ್ಯಾರ್ಥಿ ಅದನ್ನು ಕೇಳಿ ಮುದುಡುತ್ತಾನೆ. ತನ್ನ "ಹೌದ್ರಿ", "ಬರ್ರಿ" ಗಂಟಲಲ್ಲೇ ನುಂಗಿಕೊಂಡು ಪುಸ್ತಕದ ಕನ್ನಡ ಆಡತೊಡಗುತ್ತಾನೆ.

ಭಾನುವಾರ ಸಂಜೆ ಪಣಂಬೂರು ಕಡಲ ಕಿನಾರೆಗೆ ಹೋಗಿ ನೋಡಿ. ವಾರವಿಡೀ ಸಿಮೆಂಟು ಹೊತ್ತವರು ಹೆಂಡಿರು ಮಕ್ಕಳೊಂದಿಗೆ ತೆರೆ ನೋಡುತ್ತ ಕುಳಿತಿರುತ್ತಾರೆ. ಮೈಮೇಲೆ ಅದೇ ಇಳಕಲ್ ಸೀರೆ, ಬಾಯಲ್ಲಿ ಅದೇ ಮಾತು. ಅವರನ್ನು ಕಂಡು ಮುಖ ತಿರುಗಿಸಿಕೊಂಡು ಹೋಗುವ ಹುಡುಗನೂ ಇದ್ದಾನೆ, "ಯಾವೂರ್ರಿ ಕಾಕಾ?" ಎಂದು ಕೇಳುವ ಹುಡುಗನೂ ಇದ್ದಾನೆ. ಇವರಲ್ಲಿ ನಿಜವಾಗಿ ಕಲಿತವನು ಯಾರು ಎಂಬುದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ. ತಂದೆ ತಾಯಿ ಮಾತ್ರ ಕೇಳಬೇಕು.

ರಜೆಯ ದಿನ ಎಲ್ಲಿಗೆ?

ಬಿಡುವಿನ ವೇಳೆಯನ್ನು ಮೊಬೈಲಿಗೆ ಒಪ್ಪಿಸಿ ಹಾಸಿಗೆಯಲ್ಲಿ ಬಿದ್ದಿರುವವರಿಗೆ ಯಾವ ಊರಾದರೂ ಒಂದೇ. ಕಣ್ಣು ತೆರೆದವರಿಗೆ ಅಲ್ಲಿ ಖರ್ಚಿಲ್ಲದ ಖುಷಿ ಬೇಕಾದಷ್ಟಿದೆ. ನವೆಂಬರಿನಿಂದ ಮೇ ತಿಂಗಳವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಹರಕೆಯ ಬಯಲಾಟಕ್ಕೆ ಟಿಕೆಟ್ಟಿಲ್ಲ. ಶ್ರೀಕೃಷ್ಣ ಪಾರಿಜಾತ, ದೊಡ್ಡಾಟ ನೋಡಿ ಬೆಳೆದವರಿಗೆ ಚೆಂಡೆಯ ಸದ್ದು ಬೇಗ ಹತ್ತಿರವಾಗುತ್ತದೆ. ಚಳಿಗಾಲದಲ್ಲಿ ಕಂಬಳ, ನವರಾತ್ರಿಯಲ್ಲಿ ಹುಲಿವೇಷ. ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಳಿಗೆಗಳ ತುಂಬ ಇಟಲಿಯ ಅಂಟೋನಿಯೋ ಮೊಸ್ಕೆನಿ ನೂರು ವರ್ಷಕ್ಕೂ ಹಿಂದೆ ಬರೆದ ಚಿತ್ರಗಳಿವೆ. ಬಾದಾಮಿಯ ಗುಹೆಗಳನ್ನು ಕಂಡ ಕಣ್ಣಿಗೆ ಹೋಲಿಸಿ ನೋಡಲು ಅದೊಂದು ಪಾಠ.

ಅವ್ವನ ಮಾತು ಸುಳ್ಳಲ್ಲ

ಇನ್ನು ಸಮುದ್ರ. ಅಗಸ್ತ್ಯ ತೀರ್ಥದಲ್ಲೋ ಮಲಪ್ರಭೆಯಲ್ಲೋ ಈಜು ಕಲಿತವನಿಗೆ "ನನಗ ಈಜ್ ಬರ್ತದ" ಎಂಬ ಧೈರ್ಯ. ಅಪಾಯ ಇರುವುದು ಆ ಧೈರ್ಯದಲ್ಲೇ. ದಡಕ್ಕೆ ಬಂದ ತೆರೆಯ ನೀರು ಒಂದೊಂದು ಕಡೆ ಕಿರಿದಾದ ಓಣಿಯಂತೆ ಸೇರಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಮೇಲೆ ನೋಡಿದರೆ ಅಲ್ಲಿ ತೆರೆ ಕಡಿಮೆ, ನೀರು ಶಾಂತ. ಹೊಸಬರು ಇಳಿಯುವುದು ಅಲ್ಲೇ! ಸೆಳೆತಕ್ಕೆ ಸಿಕ್ಕವರು ದಡದ ಕಡೆ ನೇರ ಈಜಲು ಹೆಣಗಿ, ದಣಿದು ಮುಳುಗುತ್ತಾರೆ. ಮಾಡಬೇಕಾದ್ದು ಬೇರೆ: ಗಾಬರಿಯಾಗದೆ ತೇಲಿಕೊಂಡಿರಬೇಕು, ಕೈ ಎತ್ತಿ ಕೂಗಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಿದ್ದ ಮೇಲೆ ದಂಡೆಗೆ ತಿರುಗಬೇಕು. ಗೆಳೆಯ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ. ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು, ಜೀವರಕ್ಷಕರನ್ನು ಕರೆದು, 112ಕ್ಕೆ ಫೋನ್ ಮಾಡಿ.

2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವೂ ಅಲ್ಲ. ಮಳೆಗಾಲದ ಮಾತನ್ನಂತೂ ಕೇಳಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಮೀನುಗಳು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಕಡಲಿನ ಅಬ್ಬರ ಇನ್ನೊಂದು. ಕಡಲಿನಲ್ಲೇ ಹುಟ್ಟಿ ಬೆಳೆದವರು ಬಲೆ ಮಡಿಸಿ ಕೂರುವಾಗ ನಮ್ಮ ಹುಡುಗರಿಗೇಕೆ ಅವಸರ?

ಮುಂದೆ ನಿಜವಾಗಿಯೇ ಹೊರದೇಶಕ್ಕೆ ಹೋಗುವವರಿಗೂ ಈ ಪಾಠ ಬೇಕು. ಆಸ್ಟ್ರೇಲಿಯಾದ ಕಿನಾರೆಗಳಲ್ಲಿ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಓದಿನ ಜೊತೆ ಕೆಲಸಕ್ಕೂ ಅಲ್ಲಿ ಮಿತಿಯಿದೆ. 2023ರ ಜುಲೈಯಿಂದ, ತರಗತಿ ನಡೆಯುವ ದಿನಗಳಲ್ಲಿ ಹದಿನೈದು ದಿನಕ್ಕೆ 48 ಗಂಟೆ. "ಅಲ್ಲಿ ದುಡಿದು ಫೀ ತೀರಿಸ್ತಾನ" ಎಂದು ಲೆಕ್ಕ ಹಾಕುವ ಪಾಲಕರು ಇದನ್ನು ನೆನಪಿಡಬೇಕು.

ಪಾಲಕರಿಗೆ ಎರಡು ಮಾತು

ಫೋನ್ ಎತ್ತಿದೊಡನೆ "ಎಷ್ಟು ಮಾರ್ಕ್ಸ್ ಬಂದಾವು?" ಎಂದು ಕೇಳಬೇಡಿ. "ಉಂಡಿಯೇನು?" ಎಂದು ಕೇಳಿ. ಸಾಲದ ಲೆಕ್ಕ ಮಕ್ಕಳಿಗೆ ಗೊತ್ತಿರಲಿ, ದಿನವೂ ಕಿವಿಯಲ್ಲಿ ಬೀಳುವುದು ಬೇಡ. ಮೊದಲ ಆರು ತಿಂಗಳು "ವಾಪಸ್ ಬರ್ತೀನಿ" ಎಂಬ ಅಳು ಸಹಜ. ಆದರೆ ಊಟ, ನಿದ್ದೆ, ಮಾತು ಮೂರೂ ಕಡಿಮೆಯಾದರೆ ಅಸಡ್ಡೆ ಮಾಡದೆ ಹೋಗಿ ನೋಡಿ ಬನ್ನಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದುಡ್ಡಿಲ್ಲದೆ ಸಲಹೆ ಪಡೆಯಬಹುದು.

ಜನವರಿ ಹೊತ್ತಿಗೆ ಬನಶಂಕರಿ ಜಾತ್ರೆ ಬರುತ್ತದೆ. ಆಗ ಮಗ ಒಬ್ಬನೇ ಬರುವುದು ಬೇಡ, ಜೊತೆಗೆ ಕರಾವಳಿಯ ಗೆಳೆಯನನ್ನೂ ಕರೆತರಲಿ. ಅವನು ಕಂಪನಿ ನಾಟಕ ನೋಡಲಿ, ಎಳ್ಳು ಹಚ್ಚಿದ ರೊಟ್ಟಿ ತಿನ್ನಲಿ, ಕೂಡಲಸಂಗಮದಲ್ಲಿ ಎರಡು ಹೊಳೆ ಕೂಡುವುದನ್ನು ಕಾಣಲಿ. "ಎಂಥ ಬಿಸಿಲು ಮಾರಾಯ ನಿಮ್ಮೂರಲ್ಲಿ!" ಎಂದು ಅವನು ಬೆವರು ಒರೆಸಿಕೊಳ್ಳುವಾಗ ನಮ್ಮ ಹುಡುಗ ನಕ್ಕರೆ ಸಾಕು, ಅವನ ಪರದೇಶ ಮುಗಿಯಿತೆಂದೇ ತಿಳಿಯಿರಿ.